ಪಗಡೆಯ ಹಾಸಿನಿಂದ ಮೊಬೈಲಿಗೆ: ಗೋಕಾಕ, ಮೂಡಲಗಿ, ಹುಕ್ಕೇರಿಗಳ ಆಟದ ಇತಿಹಾಸದಲ್ಲಿ ಸಭಿಕನ ಸ್ಥಾನ

1. ವಿಷಯಪ್ರವೇಶ

ಇಂದಿನ ಕನ್ನಡದಲ್ಲಿ ಸಭಿಕನೆಂದರೆ ಸಭೆಗೆ ಬಂದು ಕುಳಿತು ಭಾಷಣವನ್ನೋ ಗಾನವನ್ನೋ ಕೇಳುವವನು. ವೇದಿಕೆಯ ಮೇಲಿನವರು ‘ಮಾನ್ಯ ಸಭಿಕರೇ’ ಎಂದು ಸಂಬೋಧಿಸಿದರೆ ಅದರಲ್ಲಿ ಯಾರಿಗೂ ಅಪಚಾರ ಕಾಣುವುದಿಲ್ಲ. ಧರ್ಮಶಾಸ್ತ್ರಗಳ ಸಂಸ್ಕೃತದಲ್ಲಾದರೋ ಈ ಶಬ್ದಕ್ಕೆ ಬೇರೊಂದು ಅರ್ಥವಿದ್ದಿತು. ಅಲ್ಲಿ ಸಭಿಕನೆಂದರೆ ದ್ಯೂತಸಭೆಯನ್ನು ನಡೆಯಿಸುವವನು; ಹಾಸನ್ನು ಹಾಸಿ ದಾಳಗಳನ್ನು ಒದಗಿಸುವವನು; ಗೆದ್ದವನಿಗೆ ಪಣವನ್ನು ಕೊಡಿಸಿ, ತನ್ನ ಪಾಲನ್ನೂ ಅರಸನ ಪಾಲನ್ನೂ ಎಣಿಸಿ ತೆಗೆಯುವವನು; ಜಗಳ ಬಂದರೆ ಉತ್ತರ ಹೇಳಬೇಕಾದವನು. ಶಬ್ದವು ಉಳಿದು ಅರ್ಥವು ಮರೆಯಾದುದು ಭಾಷೆಯಲ್ಲಿ ಹೊಸತಲ್ಲ. ಆದರೆ ಈ ಶಬ್ದದ ವಿಷಯದಲ್ಲಿ ಅರ್ಥದೊಡನೆ ಅದು ಸೂಚಿಸುತ್ತಿದ್ದ ವ್ಯಕ್ತಿಯೂ ನಮ್ಮ ಕಣ್ಣಿಗೆ ಮರೆಯಾಗಿರುವನೆಂಬುದೇ ಪ್ರಕೃತ ಲೇಖನದ ವಿಷಯವು.

ಈ ವಿಚಾರಕ್ಕೆ ಪ್ರೇರಣೆ ದೊರೆತುದು ಗ್ರಂಥಗಳಿಂದಲ್ಲ. ಗೋಕಾಕದ ಬಸ್ ನಿಲ್ದಾಣದಲ್ಲಿ, ಮೂಡಲಗಿಯ ಸಂತೆಯ ದಾರಿಯಲ್ಲಿ, ಹುಕ್ಕೇರಿಯ ಗುಡಿಕಟ್ಟೆಗಳ ಮೇಲೆ ಇಂದು ಯಾರನ್ನು ನೋಡಿದರೂ ಅಂಗೈಯಲ್ಲಿ ಮೊಬೈಲು ಹಿಡಿದಿರುವುದೂ, ಅವರಲ್ಲಿ ಅನೇಕರು ಅದರಲ್ಲಿ ಏನನ್ನೋ ಆಡುತ್ತಿರುವುದೂ ಕಾಣುತ್ತದೆ. ಬಂದೂಕಿನ ಆಟಗಳ ಹೆಸರು ಆಗಾಗ ಬದಲಾಗುತ್ತದೆ. 2018ರಲ್ಲಿ ಬಂದ ಪಬ್‌ಜಿ 2020ರ ಸೆಪ್ಟೆಂಬರ್ 2ರಂದು ನಿಷಿದ್ಧವಾಯಿತು; 2021ರಲ್ಲಿ ಬೇರೆ ಹೆಸರಿನಿಂದ ಮರಳಿ, 2022ರಲ್ಲಿ ಮತ್ತೆ ತಡೆಯಲ್ಪಟ್ಟು, 2023ರಲ್ಲಿ ಪುನಃ ಬಿಡುಗಡೆಯಾಯಿತು. ಫ್ರೀ ಫೈರ್ ಎಂಬುದಕ್ಕೂ 2022ರಲ್ಲಿ ತಡೆಯುಂಟಾಯಿತು. ಇವು ಬಂದು ಹೋಗುತ್ತಿರಲು, ಮುದುಕರೂ ಹೆಂಗಸರೂ ಮಕ್ಕಳೂ ಸಮಾನವಾಗಿ ಆಡುವ ಒಂದಾಟವು ಮಾತ್ರ ಸ್ಥಿರವಾಗಿ ನಿಂತಿದೆ. ಅದು ಲೂಡೊ. ಅದನ್ನು ಹೊಸತೆಂದು ತಿಳಿದವರೂ ಉಂಟು, ವಿದೇಶದ್ದೆಂದು ತಿಳಿದವರೂ ಉಂಟು. ಇವೆರಡೂ ಸರಿಯಲ್ಲ. ಅದು ನಮ್ಮ ಪಗಡೆಯೇ. ಕಡಲು ದಾಟಿ ಹೋಗಿ ವೇಷ ಬದಲಿಸಿ ಬಂದಿದೆ. ಹೀಗಿರಲು, ಮೊಬೈಲಿನಲ್ಲಿ ಹೊಸದಾದುದು ಆಟವಲ್ಲ. ಆಟವನ್ನು ಇಟ್ಟು ನಡೆಯಿಸುವವನು ಅದೃಶ್ಯನಾದುದೇ ಹೊಸದು ಎಂಬುದನ್ನು ಮುಂದೆ ತೋರಿಸಲಾಗುವುದು.

2. ಶಾಸ್ತ್ರದಲ್ಲಿ ಸಭಿಕ

ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಗೋಕಾಕದ ಸೀಮೆಯು ಕೂಂಡಿ ಮೂರುಸಾಸಿರ ನಾಡಿಗೆ ಸೇರಿದ್ದಿತು. ಸವದತ್ತಿಯ ರಟ್ಟರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ ಈ ನಾಡನ್ನು ಆಳುತ್ತಿದ್ದರು. ಆದಕಾರಣ ಕಲ್ಯಾಣದಲ್ಲಿ ರಚಿತವಾದ ಎರಡು ಮಹಾಗ್ರಂಥಗಳನ್ನು ನಮ್ಮ ವಿಷಯಕ್ಕೆ ಸಾಕ್ಷಿಯಾಗಿ ಕರೆಯುವುದು ಅನುಚಿತವಾಗದು. ಅವು ವಿಜ್ಞಾನೇಶ್ವರನ ಮಿತಾಕ್ಷರೆ ಮತ್ತು ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ.

ಮನುಸ್ಮೃತಿಯು ದ್ಯೂತವನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದು ವಿಧಿಸುತ್ತದೆ. ಯಾಜ್ಞವಲ್ಕ್ಯಸ್ಮೃತಿಯ ದಾರಿ ಬೇರೆ. ಅದು ದ್ಯೂತವನ್ನು ಒಪ್ಪಿಕೊಂಡು ಕಟ್ಟಿಗೆ ಒಳಪಡಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದುದು ಈ ಎರಡನೆಯ ಸ್ಮೃತಿಗೆ. ಅದರ ದ್ಯೂತಸಮಾಹ್ವಯ ಪ್ರಕರಣದಲ್ಲಿ ದೊರೆಯುವ ವಿಧಿಗಳ ಸಾರಾಂಶವು ಹೀಗಿದೆ. ಜೀವವಿಲ್ಲದ ದಾಳ ಮೊದಲಾದವುಗಳಿಂದ ಪಣವೊಡ್ಡಿ ಆಡುವುದು ದ್ಯೂತ. ಟಗರು, ಕೋಳಿ ಮೊದಲಾದ ಪ್ರಾಣಿಗಳನ್ನು ಕಾದಿಸಿ ಪಣವೊಡ್ಡುವುದು ಸಮಾಹ್ವಯ. ಪಣವು ನೂರನ್ನು ಮುಟ್ಟಿದಲ್ಲಿ ಸಭಿಕನು ನೂರಕ್ಕೆ 5ರಂತೆಯೂ, ಅದಕ್ಕೆ ಕಡಿಮೆಯಾದಲ್ಲಿ ನೂರಕ್ಕೆ 10ರಂತೆಯೂ ತನ್ನ ಪಾಲನ್ನು ತೆಗೆದುಕೊಳ್ಳಬೇಕು. ಅರಸನಿಂದ ರಕ್ಷಣೆ ಪಡೆದವನಾದ ಅವನು ಮೊದಲೇ ಒಪ್ಪಿದಷ್ಟು ಭಾಗವನ್ನು ಅರಸನಿಗೆ ಸಲ್ಲಿಸಬೇಕು. ಗೆದ್ದವನಿಗೆ ಗೆಲುವನ್ನು ಕೊಡಿಸಬೇಕು. ತಾಳ್ಮೆಯಿಂದಿದ್ದು ಸತ್ಯವನ್ನೇ ನುಡಿಯಬೇಕು. ಅರಸನ ಭಾಗವು ಸಂದು, ಎಲ್ಲರಿಗೂ ಗೊತ್ತಿರುವ ಮಂಡಲಿಯಲ್ಲಿ, ಸಭಿಕನ ಎದುರಿಗೆ ನಡೆದ ಆಟದ ಗೆಲುವನ್ನು ಮಾತ್ರ ಅರಸನು ಕೊಡಿಸತಕ್ಕದ್ದು. ಮರೆಯಲ್ಲಿ ನಡೆದುದನ್ನು ಕೊಡಿಸತಕ್ಕದ್ದಲ್ಲ. ಕೂಟದಾಳದಿಂದಾಗಲಿ ಕಪಟದಿಂದಾಗಲಿ ಆಡಿದವರನ್ನು ಗುರುತು ಹಾಕಿ ನಾಡಿನಿಂದ ಹೊರಡಿಸಬೇಕು. ಇನ್ನೊಂದು ವಿಧಿಯು ಬಹು ಗಮನಾರ್ಹವಾದುದು: ಆಟದ ವ್ಯವಹಾರದಲ್ಲಿ ತೀರ್ಪು ಹೇಳುವವರೂ ಸಾಕ್ಷಿಗಳೂ ಆಟಗಾರರೇ. ಸುತ್ತಲಿದ್ದು ಕಂಡವರ ಕಣ್ಣೇ ಅಲ್ಲಿ ಪ್ರಮಾಣ.

ಈ ವಿಧಿಗಳನ್ನು ಒಟ್ಟಿಗೆ ನೋಡಿದರೆ ಶಾಸ್ತ್ರಕಾರರ ಅಭಿಪ್ರಾಯವು ಸ್ಪಷ್ಟವಾಗುತ್ತದೆ. ಅವರ ದೃಷ್ಟಿಯಲ್ಲಿ ಅಪಾಯವಿದ್ದುದು ದಾಳದಲ್ಲಿ ಅಷ್ಟಲ್ಲ. ದಾಳವನ್ನು ಯಾರು ಇಟ್ಟುಕೊಂಡಿರುವರು, ಎಲ್ಲಿ ಉರುಳಿಸುವರು, ಯಾರೆದುರಿಗೆ ಉರುಳಿಸುವರು ಎಂಬಲ್ಲಿ. ಸಭಿಕನ ಲಾಭಕ್ಕೆ ಮಿತಿ, ಅರಸನ ಪಾಲಿಗೆ ಒಪ್ಪಂದ, ಗೆದ್ದವನಿಗೆ ಭರವಸೆ, ಕಪಟಿಗೆ ದಂಡ, ಕಂಡವರಿಗೆ ನ್ಯಾಯಾಧಿಕಾರ: ಈ ಐದೂ ಕೂಡಿದಲ್ಲಿ ಮಾತ್ರ ಆಟವು ಸಭೆಯೆನಿಸುತ್ತದೆ.

ವಿಕ್ರಮಾದಿತ್ಯನ ಮಗನಾದ ಭೂಲೋಕಮಲ್ಲ ಸೋಮೇಶ್ವರನ ಮಾನಸೋಲ್ಲಾಸವು (ಸು. 1129) ಇದೇ ವಿಷಯದ ಇನ್ನೊಂದು ಮುಖವನ್ನು ತೋರಿಸುತ್ತದೆ. ನೂರು ಅಧ್ಯಾಯಗಳ ಆ ವಿಶ್ವಕೋಶದ ಕೊನೆಯ ಭಾಗವು ಕ್ರೀಡಾವಿಂಶತಿ. ಅಲ್ಲಿ ಉಯ್ಯಾಲೆಯಾಟದಿಂದ ತೊಡಗಿ ಚದುರಂಗ, ದಾಳ, ಕವಡೆಗಳ ಆಟದವರೆಗೆ ಅರಸನ ವಿನೋದಗಳು ವರ್ಣಿತವಾಗಿವೆ. ತಂದೆಯ ಕಾಲದ ಶಾಸ್ತ್ರವು ಕಟ್ಟಿಗೆ ಒಳಪಡಿಸಿದ ದಾಳವನ್ನೇ ಮಗನ ಗ್ರಂಥವು ವಿನೋದವಾಗಿ ಸ್ವೀಕರಿಸಿದುದು ನೋಡತಕ್ಕದ್ದಾಗಿದೆ. ಆ ಕಾಲದವರಿಗೆ ಇವೆರಡರಲ್ಲಿ ವಿರೋಧ ಕಂಡುಬರಲಿಲ್ಲವೆಂದು ತೋರುತ್ತದೆ.

3. ಕಾವ್ಯದಲ್ಲಿ ಸಭಿಕನಿಲ್ಲದ ಆಟ

ಕನ್ನಡ ಕವಿಗಳು ದ್ಯೂತವನ್ನು ಕುರಿತು ಹೇಳುವಾಗ ಬಳಸಿದ ಶಬ್ದಸಂಪತ್ತು ದೊಡ್ಡದು. ದ್ಯೂತದಿಂದ ಪ್ರಾಕೃತದ ಮೂಲಕ ಬಂದ ಜೂದು, ಹಳಗನ್ನಡದ ನೆತ್ತ, ನಡುಗನ್ನಡದಲ್ಲಿ ಕಾಣುವ ಹಾಸಂಗಿ ಇವು ಅವುಗಳಲ್ಲಿ ಮುಖ್ಯವಾದವು. ಹಾಸಂಗಿಯು ಪಾಶಕವೆಂಬ ಶಬ್ದದ ಬಂಧುವೆಂದು ತೋರುತ್ತದೆ. ಪಕಾರವು ಹಕಾರವಾದುದು ನಮ್ಮ ಭಾಷೆಯ ಕ್ರಮಕ್ಕೆ ಸಮ್ಮತವೇ ಆಗಿದೆ.

ಮಹಾಭಾರತದ ಸಭಾಪರ್ವದಲ್ಲಿ ಒಂದು ಸಂಗತಿಯುಂಟು. ಪಣವನ್ನು ಒಡ್ಡುವವನು ದುರ್ಯೋಧನ, ದಾಳವನ್ನು ಉರುಳಿಸುವವನು ಶಕುನಿ ಎಂದು ತಿಳಿದಾಗ ಧರ್ಮರಾಯನು ಆಕ್ಷೇಪಿಸುತ್ತಾನೆ: ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ವಿಷಮವಾದುದು ಎಂಬುದು ಅವನ ಮಾತಿನ ತಾತ್ಪರ್ಯ. ಆಕ್ಷೇಪವನ್ನು ಎತ್ತಿಯೂ ಅವನು ಆಡಲು ಕುಳಿತನು. ಅನರ್ಥವು ಅಲ್ಲಿಂದಲೇ ಮೊದಲಾಯಿತು. ಆ ಸಭೆಯಲ್ಲಿ ಭೀಷ್ಮನಿದ್ದನು, ದ್ರೋಣನಿದ್ದನು, ವಿದುರನಿದ್ದನು; ನೋಡುವವರಿಗೆ ಕೊರತೆಯಿರಲಿಲ್ಲ. ಆದರೆ ಆಟವನ್ನು ನಿಲ್ಲಿಸುವ ಅಧಿಕಾರವುಳ್ಳ ಧೃತರಾಷ್ಟ್ರನು ಗೆಲ್ಲುವವನ ತಂದೆಯಾಗಿದ್ದನು. ಘಟಪ್ರಭೆಯು ಹುಕ್ಕೇರಿ, ಗೋಕಾಕ, ಮೂಡಲಗಿಗಳ ನೆಲವನ್ನು ತೋಯಿಸಿ ಮುಂದೆ ಹರಿಯುವ ಮುಧೋಳದ ಸೀಮೆಯವನೇ ಆದ ರನ್ನನು ಗದಾಯುದ್ಧದಲ್ಲಿ ಸಿಂಹಾವಲೋಕನಕ್ರಮದಿಂದ ಹಿಂದಿನದನ್ನೆಲ್ಲ ನೆನೆಯುವಾಗ, ಭೀಮನ ರೋಷಕ್ಕೆ ಮೂಲವಾಗಿ ಈ ಜೂದಿನ ಸಭೆಯೇ ಮತ್ತೆ ಮತ್ತೆ ಎದುರಾಗುತ್ತದೆ. ಕುಮಾರವ್ಯಾಸನ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಆ ಸಭೆಯ ಮೌನವು ಎಷ್ಟು ಭಾರವಾದುದೆಂದು ಹೇಳಬೇಕಾದುದಿಲ್ಲ.

ಇದಕ್ಕೆ ಪ್ರತಿಯಾಗಿ ಪಂಪನ ವಿಕ್ರಮಾರ್ಜುನವಿಜಯದಲ್ಲಿ (941) ಭಾನುಮತಿಯ ನೆತ್ತದ ಪ್ರಸಂಗವಿದೆ. ಸೋತ ಪಣವನ್ನು ಕೊಡೆಂದು ಹಾರಕ್ಕೆ ಕೈಹಾಕಿದವನು ಯಾರು, ಅನ್ವಯವನ್ನು ಹೇಗೆ ಮಾಡಬೇಕು ಎಂಬುದನ್ನು ಕುರಿತು ವಿದ್ವಾಂಸರು ಬಹುಕಾಲದಿಂದ ಚರ್ಚಿಸಿದ್ದಾರೆ. ಆ ಚರ್ಚೆಗೆ ಇಲ್ಲಿ ಎಡೆಯಿಲ್ಲ. ನಮಗೆ ಬೇಕಾದುದು ಇಷ್ಟೇ: ಅದು ಅಂತಃಪುರದ ಆಟ, ಅಲ್ಲಿ ಸಭಿಕನಿಲ್ಲ, ಸಾಕ್ಷಿಗಳಿಲ್ಲ. ಮುತ್ತುಗಳು ಚೆಲ್ಲಿದಾಗ ಜಗಳವು ಹುಟ್ಟದಂತೆ ಕಾಯ್ದುದು ಪರಸ್ಪರ ವಿಶ್ವಾಸವೊಂದೇ. ಇದರಿಂದ ಒಂದು ಸೂತ್ರವನ್ನು ತೆಗೆಯಬಹುದು. ವಿಶ್ವಾಸವಿರುವಲ್ಲಿ ಸಭಿಕನು ಬೇಡ. ಇಲ್ಲದಲ್ಲಿ ಅವನು ಬೇಕು. ಅವನು ಪಕ್ಷಪಾತಿಯಾದಲ್ಲಿ ಎಲ್ಲವೂ ಹಾಳು.

4. ಕಟ್ಟೆಯ ಹಾಸು

ಶಾಸ್ತ್ರಕಾವ್ಯಗಳನ್ನು ಬಿಟ್ಟು ಊರಿನ ಕಟ್ಟೆಗೆ ಬರೋಣ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಗಳಲ್ಲಿ, ಉತ್ತರ ಕರ್ನಾಟಕದ ಉಳಿದೆಡೆಗಳಲ್ಲಿಯಂತೆಯೇ, ಹಾಸಿನ ಆಟಗಳೆಂದರೆ ಮುಖ್ಯವಾಗಿ ಪಗಡೆ, ಚೌಕಾಬಾರಾ ಮತ್ತು ಹುಲಿಕುರಿ. ಪಗಡೆಗೆ ಅಡ್ಡಗೆರೆಯಾಕಾರದ ಬಟ್ಟೆಯ ಹಾಸು, ನಾಲ್ಕು ತೋಳುಗಳಲ್ಲಿ ತೋಳಿಗೆ ಮೂರು ಸಾಲು, ಸಾಲಿಗೆ 8 ಮನೆ, ಒಟ್ಟು 96 ಮನೆಗಳು, 16 ಕಾಯಿಗಳು, ನಾಲ್ಕು ಮುಖದ ಉದ್ದನೆಯ ದಾಳಗಳು. ಚೌಕಾಬಾರಾಕ್ಕೆ ಬಟ್ಟೆಯೂ ಬೇಡ. ಕಟ್ಟೆಯ ಕಲ್ಲಿನ ಮೇಲೆ ಇದ್ದಿಲಿನಿಂದ ಐದೈದು ಮನೆಗಳ ಚೌಕವನ್ನು ಗೀಚಿದರೆ ಹಾಸು ಸಿದ್ಧವಾಯಿತು. ನಾಲ್ಕು ಕವಡೆಗಳು, ಅವಿಲ್ಲವಾದರೆ ಒಡೆದ ಹುಣಸೆಬೀಜಗಳು ದಾಳವಾದುವು. ನಾಲ್ಕೂ ಅಂಗಾತ ಬಿದ್ದರೆ ಚೌಕ; ನಾಲ್ಕೂ ಬೋರಲಾದರೆ ಬಾರಾ, ಎಂದರೆ ಎಂಟು. ಹಂಪೆ, ಐಹೊಳೆಗಳ ಗುಡಿಗಳ ನೆಲಗಲ್ಲಿನ ಮೇಲೆ ಇಂಥ ಹಾಸುಗಳು ಕೊರೆದಿರುವುದನ್ನು ನೋಡಿದವರು ಈ ಪರಂಪರೆಯ ಹಳಮೆಯನ್ನು ಊಹಿಸಬಲ್ಲರು.

ಈ ಆಟಗಳ ಮಾತುಗಳು ಬಹು ಸೊಗಸಾದವು. ದಾಳದ ಎಣಿಕೆಗೆ ಗರವೆಂದು ಹೆಸರು. ಗರ ಬೀಳುವುದೆಂದರೆ ಭಾಗ್ಯವು ಒಲಿಯುವುದೆಂದೇ ಅರ್ಥ. ಹೊಡೆಯಲಾಗದ ಮನೆಯು ಕಟ್ಟೆ. ಸುತ್ತೆಲ್ಲ ತಿರುಗಿ ನಡುಮನೆಯನ್ನು ಸೇರಿದ ಕಾಯಿಯು ‘ಹಣ್ಣಾಯಿತು’ ಎಂದು ಹೇಳುವರು. ಗೆಲುವನ್ನು ಕೊಲೆಯ ಮಾತಿನಿಂದಲ್ಲದೆ ಮಾಗುವಿಕೆಯ ಮಾತಿನಿಂದ ಹೇಳಿದ ಜನರ ಮನಸ್ಸು ಒಕ್ಕಲುತನದ್ದು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದೆಂಬ ಕಟ್ಟಳೆಯೂ ಅನೇಕ ಊರುಗಳಲ್ಲಿ ಉಂಟು.

ಕಟ್ಟೆಯ ಆಟಕ್ಕೆ ಶಾಸ್ತ್ರದ ಸಭಿಕನು ಇರಲಿಲ್ಲ. ಅವನ ಕೆಲಸವನ್ನು ಸುತ್ತ ನಿಂತವರು ಹಂಚಿಕೊಂಡಿದ್ದರು. ಕವಡೆಯು ಓರೆಯಾಗಿ ನಿಂತಾಗ ಅದು ಅಂಗಾತವೋ ಬೋರಲೋ ಎಂದು ಹೇಳುವವರು ಅವರು. ಮನೆಯೆಣಿಕೆಯಲ್ಲಿ ತಪ್ಪಿದರೆ ಕೈ ಹಿಡಿಯುವವರು ಅವರು. ಆಟವು ಜಗಳಕ್ಕೆ ತಿರುಗುವಂತಾದರೆ ‘ಸಾಕು, ಏಳ್ರಪಾ’ ಎಂದು ಹಾಸನ್ನು ಒರೆಸಿಬಿಡುವ ಹಿರಿಯನೂ ಅವರಲ್ಲಿಯೇ ಒಬ್ಬನಾಗಿದ್ದನು. ಕಂಡವರೇ ಸಾಕ್ಷಿಗಳು, ಅವರೇ ನ್ಯಾಯವನ್ನು ಹೇಳುವವರು ಎಂಬ ಸ್ಮೃತಿವಚನವು ಇಲ್ಲಿ ಬರಹವಿಲ್ಲದೆಯೇ ಆಚರಣೆಯಲ್ಲಿದ್ದಿತು. ಸಭೆಯಲ್ಲಿ ಇರುವವನೇ ಸಭಿಕನೆಂಬ ಇಂದಿನ ಅರ್ಥವು ಈ ಕಟ್ಟೆಯ ಆಚಾರದಿಂದಲೇ ಹುಟ್ಟಿತೆಂದು ಸಾಧಿಸಲು ಆಧಾರವಿಲ್ಲ. ಆದರೆ ಆ ಆಚಾರಕ್ಕೆ ಅದು ಒಪ್ಪುತ್ತದೆಂಬುದರಲ್ಲಿ ಸಂದೇಹವಿಲ್ಲ.

ಈ ಸೀಮೆಯಲ್ಲಿ ‘ಆಟ’ವೆಂಬ ಶಬ್ದವು ನಾಟಕಕ್ಕೂ ಸಲ್ಲುತ್ತದೆಂಬುದನ್ನು ಇಲ್ಲಿಯೇ ನೆನೆಯಬೇಕು. ಬಯಲಾಟ, ದೊಡ್ಡಾಟ, ಸಣ್ಣಾಟಗಳ ನಾಡು ಇದು. ಇಂದು ಮೂಡಲಗಿ ತಾಲೂಕಿನಲ್ಲಿರುವ ಕುಲಗೋಡವು ಶ್ರೀಕೃಷ್ಣಪಾರಿಜಾತದ ತಮ್ಮಣ್ಣನ ಊರು. ಆ ಆಟವನ್ನು ರಂಗದ ಮೇಲೆ ಮೆರೆಸಿದ ನಿಂಗಮ್ಮನು ಕೌಜಲಗಿಯವಳು. ಹಳ್ಳಿಯ ಹಾಡುಗಳನ್ನು ಕೂಡಿಹಾಕಿದ ಬೆಟಗೇರಿ ಕೃಷ್ಣಶರ್ಮರು (ಆನಂದಕಂದ) ಗೋಕಾಕ ತಾಲೂಕಿನವರು. ಬಯಲಾಟದ ಸತ್ತ್ವವನ್ನು ಹೊಸ ನಾಟಕಕ್ಕೆ ತಂದ ಚಂದ್ರಶೇಖರ ಕಂಬಾರರು ಹುಟ್ಟಿದುದು 1937ರಲ್ಲಿ, ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ. ಪಾರಿಜಾತದ ಆಟವು ಬೆಳತನಕ ನಡೆಯುವಾಗ ನೋಡುವವರು ಸುಮ್ಮನೆ ನೋಡುವವರಾಗಿರಲಿಲ್ಲ. ಮೆಚ್ಚಿದಲ್ಲಿ ಆಯರಿ ಕೊಟ್ಟು, ತಪ್ಪಿದಲ್ಲಿ ಕೂಗಿ ತಿದ್ದುತ್ತಿದ್ದರು. ಹಾಸಿನ ಆಟಕ್ಕೂ ರಂಗದ ಆಟಕ್ಕೂ ಇದ್ದ ಸಾಮಾನ್ಯ ಗುಣವು ಇದೇ: ಸುತ್ತ ನೆರೆದವರಿಗೆ ಅದರಲ್ಲಿ ಅಧಿಕಾರವಿದ್ದಿತು.

ಮಕ್ಕಳ ಕೈಯ ಆಟಿಕೆಯ ವಿಷಯವೂ ಹಾಗೆಯೇ. 1908ರ ಇಂಪೀರಿಯಲ್ ಗ್ಯಾಝೆಟಿಯರು ಗೋಕಾಕವನ್ನು ವರ್ಣಿಸುವಾಗ ಹಗುರವಾದ ಮರದಿಂದಲೂ ಆ ಸೀಮೆಯ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಗೊಂಬೆಗಳನ್ನೂ ಹಣ್ಣಿನ ಆಕೃತಿಗಳನ್ನೂ ಪ್ರಸಿದ್ಧವೆಂದು ಹೇಳುತ್ತದೆ. ಆ ಗೊಂಬೆಯನ್ನು ಮಾಡಿದವನು ಅದೇ ಪೇಟೆಯಲ್ಲಿ ಇರುತ್ತಿದ್ದನು. ಬಣ್ಣ ಬಿಟ್ಟರೆ, ಕೈ ಮುರಿದರೆ, ತಾಯಿಯು ಅವನ ಮನೆಯ ಬಾಗಿಲಿಗೆ ಹೋಗಿ ಕೇಳಬಹುದಾಗಿದ್ದಿತು.

5. ಪಗಡೆಯ ವಿದೇಶಯಾತ್ರೆ ಮತ್ತು ಮರಳಿಕೆ

ಆಂಗ್ಲರು ನಮ್ಮ ಪಗಡೆ, ಪಚ್ಚೀಸಿಗಳನ್ನು ಕಂಡು ತಮ್ಮ ದೇಶಕ್ಕೆ ಒಯ್ದ ಕತೆಯು ದೀರ್ಘವಾದುದು. ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ಅಮೇರಿಕೆಯಲ್ಲಿ 1874ರಲ್ಲಿ ‘ಪಾರ್ಚೀಸಿ’ ಎಂಬ ಹೆಸರು ವ್ಯಾಪಾರಮುದ್ರೆಯಾಗಿ ದಾಖಲಾಯಿತು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ‘ಲೂಡೊ’ ಎಂಬ ಲ್ಯಾಟಿನ್ ಹೆಸರಿನಿಂದ ಅದು ಪೇಟೆಂಟು ಪಡೆಯಿತು. ‘ನಾನು ಆಡುತ್ತೇನೆ’ ಎಂಬುದು ಆ ಹೆಸರಿನ ಅರ್ಥ. ಅದೇ ದಶಕದಲ್ಲಿ ನಮ್ಮ ಪರಮಪದಸೋಪಾನವೂ ಪುಣ್ಯಪಾಪಗಳ ಹೆಸರನ್ನು ಕಳಚಿಟ್ಟು ಹಾವು ಏಣಿಯ ಆಟವಾಗಿ ಅಲ್ಲಿ ಅಚ್ಚಾಯಿತು.

ಹೀಗೆ ಹೋದ ಪಗಡೆಯಲ್ಲಿ ಒಂದು ಮುಖ್ಯವಾದ ಬದಲಾವಣೆಯಾಯಿತು. ಪಗಡೆಯಲ್ಲಿ ಒಂದಕ್ಕಿಂತ ಹೆಚ್ಚು ದಾಳಗಳಿರುವುದರಿಂದ ಬಿದ್ದ ಗರವನ್ನು ಯಾವ ಯಾವ ಕಾಯಿಗೆ ಹೇಗೆ ಹಂಚಬೇಕೆಂಬ ವಿವೇಚನೆಯೇ ಆಟದ ಜೀವಾಳ. ಲೂಡೊದಲ್ಲಿ ಆರು ಮುಖದ ಒಂದೇ ದಾಳ. ಆರು ಬೀಳದೆ ಕಾಯಿಯು ಮನೆಯಿಂದ ಹೊರಡದು. ಮಕ್ಕಳಿಗೆ ಸುಲಭವಾಗಲೆಂದು ಮಾಡಿದ ಈ ಮಾರ್ಪಾಡಿನಿಂದ ಜಾಣ್ಮೆಯ ಪಾಲು ಕುಗ್ಗಿ ದೈವದ ಪಾಲು ಹಿಗ್ಗಿತು. ಕಾಯಿ ‘ಹಣ್ಣಾಗುವ’ ಮಾತೂ ಅದರಲ್ಲಿ ಉಳಿಯಲಿಲ್ಲ.

ಇನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರದ ವಂಶಾವಳಿ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರದ ಆಟದ ಎಲೆಗಳನ್ನು ಮಾಡಲು ಹುಟ್ಟಿದ ನಿಂಟೆಂಡೊ ಸಂಸ್ಥೆಯೇ 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಅಂಗೈಯ ಆಟದ ಯಂತ್ರವನ್ನೂ, 1989ರಲ್ಲಿ ‘ಗೇಮ್ ಬಾಯ್’ ಎಂಬುದನ್ನೂ ಹೊರತಂದಿತು. ಇಸ್ಪೀಟಿನಂತಹ ಎಲೆಗಳನ್ನು ಮಾಡುತ್ತಿದ್ದ ಮನೆಯೇ ಕೈಯಂತ್ರದ ತವರಾದುದು ನಮ್ಮ ವಿಷಯಕ್ಕೆ ಪೋಷಕವಾಗಿದೆ. ನಮ್ಮ ಜಾತ್ರೆಯ ಅಂಗಡಿಗಳಿಗೆ ಬಂದುದು ಅವುಗಳ ಅಗ್ಗದ ಅನುಕರಣಗಳು. ಇಟ್ಟಿಗೆಯಂತಹ ಚೂರುಗಳನ್ನು ಜೋಡಿಸುವ ಆ ಆಟವನ್ನು ತೊಂಬತ್ತರ ದಶಕದಲ್ಲಿ ಬಾಲ್ಯ ಕಳೆದವರು ಮರೆತಿರಲಾರರು. 1997ರಲ್ಲಿ ನೋಕಿಯಾ ಸಂಸ್ಥೆಯು ತನ್ನ ಫೋನಿನಲ್ಲಿ ಹಾವಿನ ಆಟವನ್ನು ಇಟ್ಟಂದಿನಿಂದ ಮಾತನಾಡುವ ಯಂತ್ರವೇ ಆಡುವ ಯಂತ್ರವೂ ಆಯಿತು. 2016ರಿಂದ ಅಂತರ್ಜಾಲವು ಅಗ್ಗವಾದ ಮೇಲೆ ಹಳ್ಳಿಯ ಮನೆಗಳಲ್ಲಿಯೂ ಅದು ನೆಲಸಿತು. ಅದೇ ವರ್ಷ ನವಮುಂಬಯಿಯ ಒಂದು ಸಂಸ್ಥೆಯಿಂದ ‘ಲೂಡೊ ಕಿಂಗ್’ ಹೊರಬಿದ್ದಿತು. 2020ರ ಮಾರ್ಚ್ 25ರಿಂದ ಮನೆಮನೆಯ ಬಾಗಿಲು ಮುಚ್ಚಿದಾಗ ಅದು ದೇಶವ್ಯಾಪಿಯಾಯಿತು. ಪರಸ್ಥಳಗಳಲ್ಲಿದ್ದ ಮಕ್ಕಳೊಡನೆ ತಂದೆತಾಯಿಗಳು ರಾತ್ರಿ ಪಗಡೆಯ ಹಾಸಿಗೆ ಕುಳಿತಂತೆ ಕುಳಿತುದನ್ನು ಅನೇಕರು ಬಲ್ಲರು. ಹೀಗೆ ಪಗಡೆಯು ಸುಮಾರು ಒಂದೂಕಾಲು ಶತಮಾನದ ಪ್ರವಾಸವನ್ನು ತೀರಿಸಿ ಊರಿಗೆ ಬಂದಿತು.

ಈ ಮರಳಿಕೆಗೆ ನಮ್ಮ ಮೂರು ತಾಲೂಕುಗಳ ನೆಲದಲ್ಲಿ ಬೇರೊಂದು ಸಿದ್ಧತೆಯೂ ನಡೆದಿದ್ದಿತು. ಯಂತ್ರವು ವಿದ್ಯುತ್ತಿಲ್ಲದೆ ನಡೆಯದು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ರೈತರೇ ಸದಸ್ಯರಾಗಿ ಹಳ್ಳಿಗಳಿಗೆ ದೀಪ ತಂದ ಸಂಸ್ಥೆ. ಕರ್ನಾಟಕದಲ್ಲಿ ಇಂಥದು ಇನ್ನೊಂದಿಲ್ಲ. ದೀಪದ ಒಡೆತನವನ್ನೇ ಹಂಚಿಕೊಳ್ಳಬಲ್ಲ ಜನರು ಆ ದೀಪದಿಂದ ನಡೆಯುವ ಆಟದ ಒಡೆಯನ ಹೆಸರನ್ನೂ ಅರಿಯದಿರುವುದು ವಿಚಾರಾಸ್ಪದವಾಗಿದೆ.

6. ಕಾಯಿದೆಯೂ ಕಾಣದ ಸಭಿಕನೂ

ಬೆಳಗಾವಿ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಇಲ್ಲಿಗೆ ಅನ್ವಯಿಸುತ್ತಿದ್ದುದು 1887ರ ಮುಂಬಯಿ ಜೂಜುಪ್ರತಿಬಂಧಕ ಕಾಯಿದೆ. ಗೋಕಾಕದ ಜಲಪಾತದ ಬಲದಿಂದ ನಡೆಯುವ ಅರಳೆಯ ಗಿರಣಿಯು ಕೆಲಸಕ್ಕೆ ತೊಡಗಿದುದೂ ಅದೇ ವರ್ಷ. ಇದು ಕಾಕತಾಳೀಯವೇ ಸರಿ. ಆದರೂ ಗಂಟೆಯ ಲೆಕ್ಕದ ದುಡಿಮೆ ಮತ್ತು ರೊಕ್ಕದ ಸಂಬಳ ಬಂದ ಊರಿನಲ್ಲಿ ಜೂಜಿನ ಅರ್ಥವೂ ಬೇರೆಯಾಗುವುದು ಸಹಜ. ಆ ಕಾಯಿದೆಯ ಕಣ್ಣಿದ್ದುದು ಮುಖ್ಯವಾಗಿ ಜೂಜಿನ ಮನೆಯ ಮೇಲೆ. ಎಂದರೆ ಲಾಭಕ್ಕಾಗಿ ಆಟದ ಸಲಕರಣೆಗಳನ್ನು ಇಟ್ಟುಕೊಂಡವನ ಮೇಲೆ. ಈತನು ಯಾಜ್ಞವಲ್ಕ್ಯನ ಸಭಿಕನಲ್ಲದೆ ಬೇರೆಯಲ್ಲ. ಬೀದಿಯಲ್ಲಿ ಹಕ್ಕಿ ಪ್ರಾಣಿಗಳನ್ನು ಕಾದಿಸುವುದನ್ನೂ ಅದು ನಿಷೇಧಿಸಿತು, ಇದು ಸಮಾಹ್ವಯ. ಕೇವಲ ಕುಶಲತೆಯ ಆಟಗಳಿಗೆ ಅದರಲ್ಲಿ ವಿನಾಯಿತಿಯಿದ್ದಿತು. 1956ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ 1963ರ ಪೊಲೀಸು ಕಾಯಿದೆಯಲ್ಲಿ ಜೂಜಿನ ವಿಧಿಗಳು ಅಡಕವಾದುವು. ಕುಶಲತೆ ಮತ್ತು ಅದೃಷ್ಟಗಳ ಭೇದವು ಅಲ್ಲಿಯೂ ಮುಂದುವರಿಯಿತು.

ಮೊಬೈಲು ಈ ಭೇದವನ್ನು ಕಷ್ಟಕ್ಕೆ ಗುರಿಮಾಡಿತು. ರೊಕ್ಕವನ್ನು ಒಡ್ಡಿ ಆಡುವ ಲೂಡೊ ಅದೃಷ್ಟದ್ದೋ ಕುಶಲತೆಯದ್ದೋ ಎಂಬ ಪ್ರಶ್ನೆಯು 2021ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದೇ ವರ್ಷ ಕರ್ನಾಟಕವು ಪೊಲೀಸು ಕಾಯಿದೆಯನ್ನು ತಿದ್ದಿ ಅಂತರ್ಜಾಲದ ಪಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಗೊಳಿಸಿತು. 2023ರ ಅಕ್ಟೋಬರ್ 1ರಿಂದ ಆಟಗಾರನು ತೊಡಗಿಸಿದ ಒಟ್ಟು ಮೊತ್ತದ ಮೇಲೆ ನೂರಕ್ಕೆ 28ರಂತೆ ತೆರಿಗೆ ಬಿದ್ದಿತು. ಸ್ಮೃತಿಯ ರಾಜಭಾಗವು ಹೊಸ ಹೆಸರಿನಿಂದ ಬಂದಂತಾಯಿತು. ಎರಡೇ ವರ್ಷಗಳಲ್ಲಿ ಯಾಜ್ಞವಲ್ಕ್ಯನ ದಾರಿಯನ್ನು ಬಿಟ್ಟು ಮನುವಿನ ದಾರಿಯನ್ನು ಹಿಡಿದುದೂ ಉಂಟು: 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯಿದೆಯು, ಕುಶಲತೆಯೋ ಅದೃಷ್ಟವೋ ಎಂದು ನೋಡದೆ, ಅಂತರ್ಜಾಲದಲ್ಲಿ ರೊಕ್ಕದ ಆಟವನ್ನು ನಡೆಯಿಸುವುದನ್ನೇ ನಿಷೇಧಿಸಿ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡವನ್ನು ಗೊತ್ತುಮಾಡಿತು. ಪಣವಿಲ್ಲದ ಆಟಗಳಿಗೆ ಅದು ಅಡ್ಡಿಯಲ್ಲ. ದಂಡವು ಆಡುವವನಿಗಲ್ಲ, ಆಡಿಸುವವನಿಗೆ. ಸಭಿಕನನ್ನು ಗುರುತಿಸುವ ಹಳೆಯ ವಿವೇಕವು ಇದರಲ್ಲಿ ಮರಳಿ ಕಾಣುತ್ತದೆ.

ಆದರೆ ಪಣವೆಂದರೆ ರೊಕ್ಕವೊಂದೇ ಅಲ್ಲ. 2019ರಲ್ಲಿ ಬೆಳಗಾವಿಯ ಸಮೀಪದ ಒಂದು ಊರಿನಲ್ಲಿ ಮೊಬೈಲಿನ ಆಟವನ್ನು ಬಿಡೆಂದ ತಂದೆಯನ್ನು ಮಗನು ಕೊಂದನೆಂದು ಪತ್ರಿಕೆಗಳಲ್ಲಿ ಬಂದ ವಾರ್ತೆಯನ್ನು ಓದಿ ನಡುಗದವರಾರು? ಒಂದು ಘಟನೆಯಿಂದ ಸಿದ್ಧಾಂತವನ್ನು ಮಾಡುವುದು ಇತಿಹಾಸಕಾರನಿಗೆ ತರವಲ್ಲ. ಮನಸ್ಸಿನ ರೋಗವೂ ಮನೆಯ ದುಃಖವೂ ಅಲ್ಲಿ ಎಷ್ಟಿದ್ದುವೋ ಹೊರಗಿನವರು ಹೇಳಲಾರರು. ಕೇಳಬೇಕಾದ ಪ್ರಶ್ನೆ ಬೇರೆ. ಕಟ್ಟೆಯ ಮೇಲೆ ಹಾಸನ್ನು ಒರೆಸಿ ‘ಸಾಕು’ ಎನ್ನುತ್ತಿದ್ದ ಹಿರಿಯನು ಒಬ್ಬನೇ ಇರಲಿಲ್ಲ. ಅವನ ಹಿಂದೆ ಸಭೆಯೇ ಇದ್ದಿತು. ಇಂದು ‘ಸಾಕು’ ಎನ್ನುವ ಭಾರವೆಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ ತಂದೆಯೊಬ್ಬನ ಅಥವಾ ತಾಯಿಯೊಬ್ಬಳ ತಲೆಯ ಮೇಲೆ ಬಿದ್ದಿದೆ.

ಇನ್ನು ಮೊಬೈಲಿನ ದಾಳವನ್ನು ನೋಡಿರಿ. ಬೆರಳು ಸೋಕಿದರೆ ಅದು ಉರುಳಿದಂತೆ ಕಾಣುತ್ತದೆ. ನಿಜವಾಗಿ ಏನೂ ಉರುಳುವುದಿಲ್ಲ. ಎಲ್ಲಿಯೋ ಇರುವ ಯಂತ್ರದ ಗಣಿತವು ಒಂದರಿಂದ ಆರರವರೆಗಿನ ಒಂದು ಅಂಕೆಯನ್ನು ಕೊಡುತ್ತದೆ. ಅದು ನ್ಯಾಯವಾದುದೇ ಇರಬಹುದು. ಅಲ್ಲವೆಂದು ಹೇಳಲು ಆಧಾರ ಬೇಕು. ಆದರೆ ಸುತ್ತ ನಿಂತವರು ಅದನ್ನು ಕಾಣಲಾರರು. ನಾವು ಆಡುತ್ತೇವೆ, ಇನ್ನಾರೋ ದಾಳವನ್ನು ಹಾಕುತ್ತಾರೆ. ಧರ್ಮರಾಯನು ಎತ್ತಿ ಕೈಬಿಟ್ಟ ಆಕ್ಷೇಪವೇ ಇದು. ಬೇರೆಯವರ ಆಟವನ್ನು ಮೊಬೈಲಿನಲ್ಲಿ ನೋಡುತ್ತ ಕೂಡುವ ಸಾವಿರಾರು ಜನರಿಗೂ ಪಾರಿಜಾತದ ಪ್ರೇಕ್ಷಕರಿಗಿದ್ದ ಅಧಿಕಾರವಿಲ್ಲ. ಅವರು ಇಂದಿನ ಅರ್ಥದ ಸಭಿಕರು. ಹಳೆಯ ಅರ್ಥದ ಸಭಿಕನಿಗೆ ಮುಖವಿಲ್ಲ, ಊರಿಲ್ಲ, ಬಾಗಿಲಿಲ್ಲ.

7. ಉಪಸಂಹಾರ

ಮೇಲಿನ ವಿಚಾರಗಳಿಂದ ಫಲಿತವಾದುದು ಇಷ್ಟು. ಮೊಬೈಲಿನಲ್ಲಿ ನಮ್ಮವರು ಆಡುತ್ತಿರುವುದರಲ್ಲಿ ಬಹುಭಾಗವು ಪರಕೀಯವಲ್ಲ. ಅದನ್ನು ಹಳಿಯುವುದರಿಂದ ನಮ್ಮ ಅಜ್ಜ ಅಜ್ಜಿಯರನ್ನೇ ಹಳಿದಂತಾಗುತ್ತದೆ. ಆಟವೆಲ್ಲ ವಿನೋದವೆಂದು ಸುಮ್ಮನಿರುವುದೂ ಸರಿಯಲ್ಲ. ಹಾಗೆಂದು ನಮ್ಮ ಶಾಸ್ತ್ರವೂ ಹೇಳಲಿಲ್ಲ, ಕಾವ್ಯವೂ ಹೇಳಲಿಲ್ಲ. ಆಟವನ್ನು ಕುರಿತು ಕೇಳತಕ್ಕ ಪ್ರಶ್ನೆಯು, ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೇಳಿದಂತೆಯೇ, ಇದು ಯಾರ ಹಾಸು, ಯಾರ ದಾಳ, ತಪ್ಪಿದರೆ ಉತ್ತರ ಹೇಳುವವರು ಯಾರು ಎಂಬುದು.

ಒಂದೇ ಮೊಬೈಲನ್ನು ನಡುವೆ ಇಟ್ಟು ನಾಲ್ವರು ಸುತ್ತ ಕುಳಿತು, ಕೈಯಿಂದ ಕೈಗೆ ಸಾಗಿಸುತ್ತ ಲೂಡೊ ಆಡುವ ಕ್ರಮವೂ ಆ ಆಟದಲ್ಲಿದೆ. ಹಾಗೆ ಆಡುವ ಒಂದು ಗುಂಪನ್ನು ಹುಕ್ಕೇರಿಯ ಒಂದು ಕಟ್ಟೆಯ ಮೇಲೆ ನೋಡಿದೆನು. ಅವರ ಹಿಂದೆ ಇಬ್ಬರು ಮುದುಕರು ನಿಂತಿದ್ದರು. ಕಾಯಿಯೊಂದು ನಡುಮನೆಯನ್ನು ಸೇರಿದಾಗ ಅವರಲ್ಲೊಬ್ಬರು ‘ಹಣ್ಣಾತು’ ಎಂದರು. ಹುಡುಗರು ತಿರುಗಿ ನೋಡಿ, ಮುಂದಿನ ಕಾಯಿಗೆ ತಾವೂ ಅದೇ ಮಾತನ್ನು ಹೇಳಿದರು. ಹಾಸು ಬದಲಾದರೂ ಸಭೆಯು ಕೂಡಬಲ್ಲದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ನಾನು ಕಾಣೆ.

ಕೊನೆಯದಾಗಿ ಒಂದು ವಿಜ್ಞಾಪನೆ. 2018ರಲ್ಲಿ ಮೂಡಲಗಿಯು ಪ್ರತ್ಯೇಕ ತಾಲೂಕಾದ ಮೇಲೆ ಈ ಸೀಮೆಯಲ್ಲಿ ಮೂರು ತಾಲೂಕುಗಳಾದುವು. ಪ್ರತಿಯೊಂದರಲ್ಲಿಯೂ ಕನ್ನಡ ಕಲಿಸುವ ಅಧ್ಯಾಪಕರು ಅನೇಕರಿದ್ದಾರೆ. ಗರ, ಕಟ್ಟೆ, ಹಣ್ಣು ಮೊದಲಾದ ಆಟದ ಮಾತುಗಳೂ, ಊರೂರಿನ ಕಟ್ಟಳೆಗಳೂ ಹಿರಿಯರ ಬಾಯಲ್ಲಿ ಇನ್ನೂ ಉಳಿದಿವೆ. ವಿದ್ಯಾರ್ಥಿಗಳಿಂದ ಅವನ್ನು ಕೇಳಿಸಿ ಬರೆಯಿಸಿದಲ್ಲಿ ನಿಘಂಟುಕಾರರಿಗೆ ಉಪಕಾರವಾಗುವುದು. ಕೇಳಲು ಹೋದ ಹುಡುಗನು ಒಂದು ಆಟಕ್ಕೆ ಕುಳಿತನಾದರೆ ಅದು ಇನ್ನೂ ದೊಡ್ಡ ಉಪಕಾರ. ಈ ಲೇಖನದಲ್ಲಿ ದೋಷಗಳಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸಿ ವಿರಮಿಸುವೆನು.